ಎರಡೂವರೆ ಚುಕ್ಕಿಯ ಗೆರೆ

ನಾವೇ ಮಾಡಿಕೊಂಡ ಡೇಟಾಬೇಸ್‌ನಿಂದ ಬಾರ್‌ಕೋಡ್ ಲೇಬಲ್ ತೆಗೆಯುವುದು ಸುಲಭ ಅನಿಸುತ್ತದೆ. ಪ್ರತಿ ವಸ್ತುವಿಗೂ ಒಂದು ನಂಬರ್ ಇದೆ, ಅದನ್ನು ಗೆರೆಗಳಾಗಿಸಿ ಪ್ರಿಂಟ್ ಕೊಟ್ಟರೆ ಆಯಿತು, ಅಲ್ವಾ? ಲೇಬಲ್ ಚೆಂದವಾಗಿಯೇ ಬರುತ್ತದೆ. ಸ್ಕ್ಯಾನರ್ ಮಾತ್ರ ಬೀಪ್ ಅನ್ನುವುದಿಲ್ಲ.

ಆಗ ಭೂತಗನ್ನಡಿ ಹಿಡಿದು ಆ ಗೆರೆಗಳನ್ನು ನೋಡಬೇಕು. ಥರ್ಮಲ್ ಪ್ರಿಂಟರಿನ ಹೆಡ್‌ನಲ್ಲಿ ಬಿಸಿಯಾಗುವ ಪುಟ್ಟ ಚುಕ್ಕಿಗಳ ಸಾಲಿರುತ್ತದೆ. 203 ಡಿಪಿಐ, ಅಂದರೆ ಇಂಚಿಗೆ 203 ಚುಕ್ಕಿಯ ಪ್ರಿಂಟರ್ ಆದರೆ ಒಂದು ಮಿಲಿಮೀಟರಿಗೆ 8. ಚುಕ್ಕಿ ಕಾದರೆ ಕಪ್ಪು, ಕಾಯದಿದ್ದರೆ ಬಿಳಿ. ಅರ್ಧ ಚುಕ್ಕಿ ಅನ್ನುವುದೇ ಇಲ್ಲ. ಇತ್ತ ಕೋಡ್ 128 ಅನ್ನುವ ಬಗೆಯ ಬಾರ್‌ಕೋಡಿನಲ್ಲಿ ಗೆರೆಯಾಗಲಿ, ನಡುವಿನ ಜಾಗವಾಗಲಿ, ಒಂದರಿಂದ ನಾಲ್ಕು ಪಾಲು ದಪ್ಪ ಇರುತ್ತದೆ. ಅತಿ ತೆಳು ಗೆರೆಯ ದಪ್ಪವೇ ಒಂದು ಪಾಲು. ಸ್ಕ್ಯಾನರ್ ಓದುವುದು ಈ ದಪ್ಪವನ್ನೇ. ಪಾಲಿಗೆ ಎರಡು ಚುಕ್ಕಿ ಇಟ್ಟರೆ ಲೆಕ್ಕ ಸರಿಯಾಗಿ ಕೂರುತ್ತದೆ. ನಾವು ಬಾರ್‌ಕೋಡನ್ನು ಚಿತ್ರ ಮಾಡಿ, ಲೇಬಲ್ ತುಂಬಲಿ ಅಂತ ಸುಮ್ನೆ ಹಿಗ್ಗಿಸಿಬಿಡುತ್ತೇವೆ. ಪಾಲಿಗೆ ಎರಡೂವರೆ ಚುಕ್ಕಿ ಬೀಳುತ್ತದೆ. ಪ್ರಿಂಟರ್ ಏನು ಮಾಡೀತು? ಒಂದು ತೆಳು ಗೆರೆಗೆ ಎರಡು ಚುಕ್ಕಿ ಹಾಕುತ್ತದೆ, ಅಂಥದ್ದೇ ಇನ್ನೊಂದಕ್ಕೆ ಮೂರು. ನಮ್ಮ ಕಣ್ಣಿಗೆ ಎರಡೂ ಒಂದೇ, ಸ್ಕ್ಯಾನರಿಗೆ ಅಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಚಿತ್ರ ಕಳಿಸಬೇಡಿ. ಝಡ್‌ಪಿಎಲ್‌ನಂಥ ಪ್ರಿಂಟರಿನದೇ ಭಾಷೆಯಲ್ಲಿ ನಂಬರನ್ನು ಕಳಿಸಿ, ಪಾಲಿಗೆ ಎಷ್ಟು ಚುಕ್ಕಿ ಅಂತ ಹೇಳಿ. ಗೆರೆ ಎಳೆಯುವುದು ಪ್ರಿಂಟರಿನ ಕೆಲಸ. ಓದಿದ್ದು ಸರಿಯೇ ಅಂತ ತಾಳೆ ನೋಡಲು ಬೇಕಾದ ಚೆಕ್ ಅಕ್ಷರವನ್ನೂ ಅದೇ ಲೆಕ್ಕ ಹಾಕಿ ಸೇರಿಸುತ್ತದೆ.

ಲೇಬಲ್ ಚಿಕ್ಕದಾಯಿತೇ? ಕೋಡ್ 128ರಲ್ಲಿ ಬರೆಯುವ ಬಗೆಗೆ ಸೆಟ್ ಅನ್ನುತ್ತಾರೆ. ಬಿ ಸೆಟ್ ಅಂಕಿಗಳನ್ನು ಒಂದೊಂದಾಗಿ ಬರೆದರೆ ಸಿ ಸೆಟ್ ಜೋಡಿ ಜೋಡಿಯಾಗಿ ಬರೆಯುತ್ತದೆ. 8 ಅಂಕಿಯ ನಂಬರಿಗೆ ಬಿ ಸೆಟ್‌ನಲ್ಲಿ 123 ಪಾಲು ಬೇಕು, ಸಿ ಸೆಟ್‌ನಲ್ಲಿ 79 ಸಾಕು. ಪಾಲಿಗೆ ಎರಡು ಚುಕ್ಕಿಯಂತೆ ಸುಮಾರು 31 ಮಿ.ಮೀ. ಇದ್ದದ್ದು 20ಕ್ಕೆ ಇಳಿಯುತ್ತದೆ. ಎರಡೂ ಬದಿಗೆ ಕನಿಷ್ಠ 10 ಪಾಲು ಖಾಲಿ ಬಿಡಿ. ಅಲ್ಲಿ ಅಂಚಿನ ಗೆರೆ, ಅಕ್ಷರ ಏನೂ ಬೇಡ.

ಡೇಟಾಬೇಸ್ ಕಡೆಯೂ ಒಂದು ಎಡವಟ್ಟು ಆಗುತ್ತದೆ. 00041763 ಅನ್ನುವ ನಂಬರನ್ನು ಸಂಖ್ಯೆಯ ಫೀಲ್ಡ್‌ನಲ್ಲಿ ಇಟ್ಟರೆ ಮುಂದಿನ ಸೊನ್ನೆಗಳು ಉದುರಿ 41763 ಉಳಿಯುತ್ತದೆ. ಟೆಕ್ಸ್ಟ್ ಫೀಲ್ಡ್‌ನಲ್ಲೇ ಇಡಿ, ಇದರ ಮೇಲೆ ಕೂಡುವ ಕಳೆಯುವ ಲೆಕ್ಕ ಯಾರೂ ಮಾಡುವುದಿಲ್ಲವಲ್ಲ.

ಮೊದಲು ಒಂದೇ ಲೇಬಲ್ ತೆಗೆಯಿರಿ. ಹೆಚ್ಚಿನ ಸ್ಕ್ಯಾನರ್‌ಗಳು ಕಂಪ್ಯೂಟರಿನ ಮಟ್ಟಿಗೆ ಕೀಬೋರ್ಡ್ ಇದ್ದ ಹಾಗೆ. ಹಾಗಾಗಿ ಕರ್ಸರನ್ನು ನಿಮ್ಮ ಅಪ್ಲಿಕೇಶನ್ನಿನ ಹುಡುಕುವ ಜಾಗದಲ್ಲಿಟ್ಟು ಸ್ಕ್ಯಾನ್ ಮಾಡಿ. ಅದೇ ವಸ್ತುವಿನ ರೆಕಾರ್ಡ್ ತೆರೆದುಕೊಂಡ ಮೇಲೆ ಉಳಿದ ಲೇಬಲ್‌ಗಳಿಗೆ ಪ್ರಿಂಟ್ ಕೊಡಿ.