ಮರಕ್ಕಂಟಿದ ಅಣಬೆಯನ್ನು ಕಿತ್ತರೆ ಕೊಳೆಯುವುದು ನಿಲ್ಲುತ್ತದೆಯೇ?

ಪ್ರಶ್ನೆ: ಸತ್ತು ನಿಂತಿರುವ ಸ್ಪ್ರೂಸ್ (ಚಳಿನಾಡಿನ ಸೂಜಿಯೆಲೆಯ ಮರ) ಕಾಂಡದಲ್ಲಿ ಗೋಡೆಗೆ ಬಡಿದ ಹಲಗೆಯಂತೆ ಗಟ್ಟಿಯಾದ ಅಣಬೆ ಮೂಡಿದೆ. ಅದನ್ನು ಕಿತ್ತುಹಾಕಿದರೆ ಮರ ಕೊಳೆಯದೆ ಉಳಿದೀತೇ?

ಉತ್ತರ: ಉಳಿಯದು. ಹಣ್ಣು ಕೊಯ್ದ ಮಾತ್ರಕ್ಕೆ ಮಾವಿನ ಮರ ಹೇಗೆ ಸಾಯುವುದಿಲ್ಲವೋ ಹಾಗೆಯೇ ಅಣಬೆಯನ್ನು ಕಿತ್ತರೂ ಶಿಲೀಂಧ್ರ ಸಾಯುವುದಿಲ್ಲ. ಹೊರಗೆ ಕಾಣುವುದು ಬೀಜಕಣಗಳನ್ನು ಉದುರಿಸಲೆಂದು ಬೆಳೆದ ಫಲಕಾಯ ಮಾತ್ರ, ನಿಜವಾದ ದೇಹ ಕೂದಲಿಗಿಂತ ತೆಳುವಾದ ಎಳೆಗಳ ಜಾಲವಾಗಿ ಮರದೊಳಗೆ ಹಬ್ಬಿರುತ್ತದೆ.

ಯುರೋಪಿನ ಸ್ಪ್ರೂಸ್ ಕಾಡುಗಳಲ್ಲಿ ಹೀಗೆ ಕಾಣಿಸುವುದು ಬಹುಮಟ್ಟಿಗೆ ಫೋಮಿಟಾಪ್ಸಿಸ್ ಪಿನಿಕೋಲ ಎಂಬ ಶಿಲೀಂಧ್ರ. ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೋಫ್ ಸ್ವಾರ್ಟ್ಸ್ 1810ರಲ್ಲಿ ಇದಕ್ಕೆ ಪಿನಿಕೋಲ ಎಂಬ ಹೆಸರಿಟ್ಟರು. ಹತ್ತಿರದಿಂದ ನೋಡಿದರೆ ಬುಡದಲ್ಲಿ ಬೂದುಗಪ್ಪು, ಮುಂದಕ್ಕೆ ಕೆಂಪು-ಕಿತ್ತಳೆ ಪಟ್ಟಿ, ಅಂಚಿನಲ್ಲಿ ಕೆನೆಬಣ್ಣ. ಬೆಳೆಯುವ ಕಾಲದಲ್ಲಿ ಆ ಅಂಚಿನಿಂದ ಬೆವರಿನಂತೆ ತಿಳಿಹನಿಗಳು ಒಸರುತ್ತವೆ. ಬೆಂಕಿಕಡ್ಡಿಯ ಉರಿ ತಾಗಿಸಿದರೆ ಮೇಲಿನ ಹೊರಪದರ ರಾಳದಂತೆ ಕರಗುತ್ತದೆ. ಗುರುತಿಸಲು ಇದು ಹಳೆಯ ಉಪಾಯ (ಒಣಗಿದ ಕಾಡಿನಲ್ಲಿ ಇದನ್ನು ಮಾಡಲೇಬಾರದು).

ಒಳಗೆ ನಡೆಯುವ ಕೆಲಸ ಇದಕ್ಕಿಂತ ಸೋಜಿಗದ್ದು. ಶಿಲೀಂಧ್ರದ ಕಿಣ್ವಗಳು ಗಟ್ಟಿ ಮರದ ಕೋಶಭಿತ್ತಿಯೊಳಗೆ ನುಸುಳಲಾರದಷ್ಟು ದೊಡ್ಡವು. ಆದ್ದರಿಂದ ಅದು ಮೊದಲು ಕಬ್ಬಿಣದ ಅಯಾನು ಮತ್ತು ಹೈಡ್ರೋಜನ್ ಪೆರಾಕ್ಸೈಡುಗಳ ಕ್ರಿಯೆಯಿಂದ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಅತಿ ಚುರುಕಾದ ಪುಟ್ಟ ಕಣಗಳನ್ನು ಹುಟ್ಟಿಸಿ, ಮರದ ನಾರಾದ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಕಿಣ್ವಗಳು ಆಮೇಲೆ ಬಂದು ಆ ತುಂಡುಗಳನ್ನು ಸಕ್ಕರೆಯಾಗಿಸುತ್ತವೆ. ಆ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಮಾತ್ರ ಸ್ವಲ್ಪ ಮಾರ್ಪಟ್ಟು ಹಾಗೆಯೇ ಉಳಿಯುವುದರಿಂದ ಮರ ಕಂದುಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯಂಗಳದಂತೆ ಚೌಕಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ.

ಸರಪಳಿ ಮೊದಲೇ ತುಂಡಾಗುವುದರಿಂದ ಮರದ ತೂಕ ಅಷ್ಟಾಗಿ ಇಳಿಯುವ ಮುನ್ನವೇ ಬಲ ಕುಂದಿರುತ್ತದೆ. ಅಣಬೆಯನ್ನು ಕಿತ್ತುಬಿಟ್ಟರೆ ಈ ಒಳಸವೆತದ ಹೊರಗುರುತನ್ನೇ ಅಳಿಸಿದಂತಾಗುತ್ತದೆ. ಹಾಗಾಗಿ ಕೀಳಬೇಡಿ ಎಂಬುದೇ ನನ್ನ ಸಲಹೆ. ಮನೆಯ ಅಥವಾ ದಾರಿಯ ಪಕ್ಕದ ಮರವಾದರೆ ಬಲ್ಲವರಿಂದ ಕಡಿಸಿ. ಕಾಡಿನೊಳಗಿನದಾದರೆ ಬಿಟ್ಟುಬಿಡಿ: ಬಿದ್ದ ದಿಮ್ಮಿ ಮೆತ್ತಗಾಗಿ ನೀರು ಹಿಡಿದುಕೊಂಡ ಮೇಲೆ, ಅದರ ಬೆನ್ನ ಮೇಲೆಯೇ ಸ್ಪ್ರೂಸ್ ಸಸಿಗಳು ಸಾಲಾಗಿ ಬೇರೂರುತ್ತವೆ.