ಕಾಲು ಗಂಟೆಗೆ 75 ಆಂಪ್ಯೂಲ್

ನಾನು ತಾಲ್ಲೂಕು ಆಸ್ಪತ್ರೆಯ ಔಷಧಿ ಸ್ಟೋರ್ ನೋಡಿಕೊಳ್ಳುವವನು. ಆಡಿಟ್‌ಗೆ ಬಂದವರು ಈ ಪ್ರಶ್ನೆ ಕೇಳದೆ ಹೋಗುವುದಿಲ್ಲ: "ಇಷ್ಟೊಂದು ಆಟ್ರೋಪಿನ್ ಯಾಕ್ರೀ?"

ಲೆಕ್ಕ ಹೇಳುತ್ತೇನೆ. ಆಟ್ರೋಪಿನ್ ಅಂದರೆ ಕೆಲವು ಕೀಟನಾಶಕಗಳ ವಿಷಕ್ಕೆ ಕೊಡುವ ಇಂಜೆಕ್ಷನ್. ಹೊಲಕ್ಕೆ ಔಷಧಿ ಹೊಡೆಯುವಾಗ ವಿಷ ಮೈಗೇರಿದ ರೈತ ಕ್ಯಾಶುವಾಲ್ಟಿಗೆ ಬಂದ ಅಂದುಕೊಳ್ಳಿ. (ಕೀಟನಾಶಕಕ್ಕೂ ನಮ್ಮಲ್ಲಿ ಔಷಧಿ ಅಂತಲೇ ಹೆಸರು, ನೋಡಿ!) ಕಣ್ಣಪಾಪೆ ಸೂಜಿಮೊನೆಯಷ್ಟು, ಬಾಯ್ತುಂಬ ಜೊಲ್ಲು, ಎದೆಯಲ್ಲಿ ಗೊರಗೊರ. ಒಂದು ಆಂಪ್ಯೂಲ್‌ನಲ್ಲಿ, ಅಂದರೆ ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಮಿಲಿಗ್ರಾಂ. ಡಾಕ್ಟರು ಮೊದಲು 5 ಆಂಪ್ಯೂಲ್ ಕೊಡಿಸುತ್ತಾರೆ. ಐದು ನಿಮಿಷಕ್ಕೂ ಎದೆ ತಿಳಿಯಾಗದಿದ್ದರೆ 10. ಆಮೇಲೆ 20, ಆಮೇಲೆ 40. ಕಾಲು ಗಂಟೆಯಲ್ಲಿ 75 ಖಾಲಿ. ಒಬ್ಬರು ಗಾಜಿನ ಕತ್ತು ಮುರಿಯುತ್ತಾ ಹೋದರೆ ಇನ್ನೊಬ್ಬರು ಸಿರಿಂಜಿಗೆ ಎಳೆಯಬೇಕು. ಸಿಸ್ಟರ್‌ಗಳ ಬೆರಳು ಕುಯ್ದುಕೊಳ್ಳುವುದು ಮಾಮೂಲು. ಇದು ಒಬ್ಬ ರೋಗಿಯ ಲೆಕ್ಕ.

ಸಾರಿನ್ ಎಂಬ ಯುದ್ಧದ ವಿಷವೂ ಈ ಕೀಟನಾಶಕಗಳ ಆರ್ಗನೊಫಾಸ್ಫರಸ್ ಮನೆತನದ್ದೇ. ಮದ್ದೂ ಅದೇ, ಆಟ್ರೋಪಿನ್ ಜೊತೆಗೆ ಪ್ಯಾಮ್ (ಪ್ರಾಲಿಡಾಕ್ಸಿಮ್) ಎಂಬ ಇನ್ನೊಂದು ಮದ್ದು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಬಿಟ್ಟಾಗ 5,000ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಬಂದರು. ಪ್ಯಾಮ್ ಹಳ್ಳಿ ಕಡೆ ಬೇಕಾಗುವ ಮದ್ದು, ಮಹಾನಗರದಲ್ಲಿ ಇದ್ದದ್ದೇ ಸ್ವಲ್ಪ. ನಗೋಯಾ ಕಡೆಯಿಂದ ಬುಲೆಟ್ ರೈಲಿನಲ್ಲಿ ತರಿಸಬೇಕಾಯಿತು.

ಇಂಥ ದಾಳಿಗಳಿಗೆ ತಯಾರಾಗಿರಲು ಅಮೆರಿಕ 1999ರಲ್ಲಿ ರಾಷ್ಟ್ರೀಯ ಔಷಧ ದಾಸ್ತಾನು ಶುರು ಮಾಡಿತು. ಮೂಲೆ ಮೂಲೆಗೂ 12 ಗಂಟೆಯೊಳಗೆ ಮದ್ದು ಮುಟ್ಟಿಸುವ ಏರ್ಪಾಡು. ಯಾರಾದರೂ ಆಂಥ್ರಾಕ್ಸ್ ರೋಗಾಣು ಹರಡಿದರೆ ಅದು ನಡೆಯುತ್ತದೆ. ರೋಗಾಣು ಒಳಹೊಕ್ಕರೂ ಕಾಯಿಲೆ ಏಳಲು ಸಾಮಾನ್ಯವಾಗಿ ಕೆಲವು ದಿನ ಬೇಕು, ಅಷ್ಟರಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಬಹುದು. ಸಾರಿನ್‌ಗೆ 12 ಗಂಟೆ ಅಂದರೆ ತಿಥಿ ಊಟಕ್ಕೆ ಬಂದ ಹಾಗೆ, ಅಲ್ವಾ? ಅದಕ್ಕೇ ಮುಂದೆ ಇಂಥ ವಿಷಕ್ಕೆ ಮದ್ದು ತುಂಬಿದ ಕೆಂಪ್ಯಾಕ್ ಎಂಬ ಪೆಟ್ಟಿಗೆಗಳನ್ನು 1,000ಕ್ಕೂ ಜಾಸ್ತಿ ಕಡೆ ಇಟ್ಟರು, ಹೆಚ್ಚಿನವು ಆಸ್ಪತ್ರೆಗಳಲ್ಲೇ.

ಸುಮ್ನೆ ಕೂಡಿಟ್ಟ ಮದ್ದಿಗೆ ಎಕ್ಸ್‌ಪೈರಿ ಬರುತ್ತದೆ. ಅಮೆರಿಕದವರು ಸರ್ಕಾರಿ ದಾಸ್ತಾನಿನ ಕೆಲವು ಮದ್ದುಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಅವಧಿ ವಿಸ್ತರಿಸುತ್ತಾರೆ. ನಮ್ಮಂಥವರಿಗೆ ಅದೆಲ್ಲ ಎಲ್ಲಿಂದ ಬರಬೇಕು? ನನ್ನದು ಅಕ್ಕಿ ಡಬ್ಬಿ ಲೆಕ್ಕ, ಹೊಸದು ಕೆಳಗೆ, ಹಳೆಯದು ಮೇಲೆ. ಆರು ತಿಂಗಳ ಅವಧಿ ಉಳಿದಿರುವಾಗಲೇ ಜಿಲ್ಲಾ ಆಸ್ಪತ್ರೆಗೆ ಸಾಗಿಸುತ್ತೇನೆ. ಅಲ್ಲಿ ಬೇಗ ಖರ್ಚಾಗುತ್ತದೆ.

ಇನ್ನೊಂದು, 100 ಆಂಪ್ಯೂಲ್ ಯಾವಾಗಲೂ ಕ್ಯಾಶುವಾಲ್ಟಿಯ ಕಪಾಟಿನಲ್ಲೇ ಇರುತ್ತವೆ. ಸ್ಟೋರಿನ ಬೀಗದ ಕೈ ನನ್ನ ಹತ್ತಿರ. ರಾತ್ರಿ ಎರಡು ಗಂಟೆಗೆ ನಾನು ಮನೆಯಲ್ಲಿ ಮಲಗಿರುತ್ತೇನೆ.