ಗ್ರೀನ್ ಟೀ ಕಹಿಯಾದರೆ ತಪ್ಪು ನಾಲಿಗೆಯದ್ದಲ್ಲ

ಚಹಾ ಪುಡಿ ಬೆರೆಸುವುದು ನನ್ನ ಕಸುಬು. ನೀಲಗಿರಿಯ ಪುಡಿಗೆ ಅಸ್ಸಾಮಿನದ್ದು ಎಷ್ಟು ಸೇರಿಸಿದರೆ ಯಾವ ಊರಿನವರಿಗೆ ಒಗ್ಗುತ್ತದೆ ಎಂದು ಕುಡಿದು ನೋಡಿ ಹೇಳುವ ಕೆಲಸ. ಗಿರಾಕಿಗಳಿಂದ ಪದೇಪದೇ ಕೇಳುವ ಮಾತು ಒಂದಿದೆ: "ನಂಗೆ ಗ್ರೀನ್ ಟೀ ಆಗಲ್ಲ ಸಾರ್, ಬೇವಿನ ಕಷಾಯ ಕುಡಿದ ಹಾಗಿರುತ್ತೆ." ಹೇಗೆ ಮಾಡ್ತೀರಿ ಅಂತ ವಿಚಾರಿಸಿದರೆ ಕೊತಕೊತ ಕುದಿಯುವ ನೀರು, ಅದರೊಳಗೆ ಬ್ಯಾಗು, ಆಮೇಲೆ ಕೈಯಲ್ಲಿ ಫೋನು. ಹತ್ತು ನಿಮಿಷ ಬಿಟ್ಟು ಕುಡಿದರೆ ಕಹಿಯಾಗದೆ ಇನ್ನೇನಾದೀತು?

ಚಹಾ ಎಲೆಯಲ್ಲಿ ಕಹಿ ಕೊಡುವುದು ಕೆಫೀನ್ ಮತ್ತು ಕ್ಯಾಟೆಚಿನ್ ಎಂಬ ಅಂಶಗಳು, ಒಗರು ಕೊಡುವುದೂ ಕ್ಯಾಟೆಚಿನ್ನೇ. ನೀರು ಬಿಸಿಯಾದಷ್ಟೂ, ಹೊತ್ತು ಕಳೆದಷ್ಟೂ ಇವೆರಡೂ ಹೆಚ್ಚು ಇಳಿಯುತ್ತವೆ. ನಾಲಿಗೆಗೆ ಹಿತವಾದ ಥಿಯನೈನ್ ಎಂಬ ಅಂಶ ಮಾತ್ರ ಅಷ್ಟು ಬಿಸಿ ಬೇಡುವುದಿಲ್ಲ. ಹಾಗಾಗಿ ಗ್ರೀನ್ ಟೀಗೆ 75ರಿಂದ 80 ಡಿಗ್ರಿ, ಎರಡು ನಿಮಿಷ ಸಾಕು. ಥರ್ಮಾಮೀಟರ್ ಬೇಡ, ಕುದಿದ ನೀರನ್ನು ಇಳಿಸಿ ಕೆಲವು ನಿಮಿಷ ಮುಚ್ಚಳ ತೆರೆದಿಡಿ. ಹೀಗೆ ಮಾಡಿ ಕುಡಿದ ಮೇಲೂ ಹಿಡಿಸದಿದ್ದರೆ ಅದು ನಿಮ್ಮ ನಿಜವಾದ ರುಚಿ. ಹುಟ್ಟಿನಿಂದಲೇ ಕಹಿ ಹೆಚ್ಚು ತಾಗುವ ನಾಲಿಗೆಗಳೂ ಇವೆ. ಬೊಜ್ಜು ಕರಗುತ್ತದೆಂದು ಮುಖ ಸಿಂಡರಿಸಿಕೊಂಡು ಕುಡಿಯುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ಹಾಲಿನ ಚಹಾದ ಲೆಕ್ಕವೇ ಬೇರೆ. ನಮ್ಮ ಹೋಟೆಲುಗಳಲ್ಲಿ ಓಡುವುದು ಸಿಟಿಸಿ ಪುಡಿ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿಸಿ ಮಾಡುವ ಈ ವಿಧಾನ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂತು. ಕಾಳು ಸಣ್ಣದಾದಷ್ಟೂ ಬಣ್ಣ ಬೇಗ ಬಿಡುತ್ತದೆ, ಅದಕ್ಕೇ ದಕ್ಷಿಣದಲ್ಲಿ ಡಸ್ಟ್‌ಗೆ ಬೇಡಿಕೆ. ಡಸ್ಟ್ ಎಂದರೆ ಕಸ ಗುಡಿಸಿದ್ದು ಎಂಬ ತಪ್ಪು ತಿಳಿವಳಿಕೆ ಬೇಡ, ಅದು ಜರಡಿಯ ಒಂದು ದರ್ಜೆ, ಒಳ್ಳೆಯ ಡಸ್ಟ್ ಅಗ್ಗವೂ ಅಲ್ಲ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುವುದರಿಂದ ಎಷ್ಟೇ ಖಡಕ್ ಇದ್ದರೂ ಗಂಟಲಿಗೆ ಕೆರೆಯುವುದಿಲ್ಲ. ಅದೇ ಪುಡಿಯನ್ನು ಹಾಲಿಲ್ಲದೆ ಕುಡಿದು "ಬ್ಲ್ಯಾಕ್ ಟೀ ನಂಗೆ ಸೇರಲ್ಲ" ಅನ್ನುವುದು ನ್ಯಾಯವಲ್ಲ. ಹಾಲಿಲ್ಲದೆ ಕುಡಿಯುವುದಕ್ಕೆ ನೀಲಗಿರಿಯ ಅಥವಾ ಡಾರ್ಜಿಲಿಂಗಿನ ಇಡೀ ಎಲೆ ಬೇಕು.

ನಾವು ರುಚಿ ನೋಡುವ ಮೇಜಿನ ಮೇಲೆ ನಿಯಮ ಬಿಗಿ. ರುಚಿ ನೋಡಲು ಚಹಾ ಮಾಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3103ರ ಪ್ರಕಾರ 100 ಮಿಲಿ ಕುದಿವ ನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಬಟ್ಟಲುಗಳನ್ನು ಸಾಲಾಗಿಟ್ಟು ಚಮಚದಿಂದ ಸೊರ್ರೆಂದು ಎಳೆಯುತ್ತೇವೆ, ದ್ರವ ಹನಿಹನಿಯಾಗಿ ಬಾಯೆಲ್ಲ ಹರಡಿ ಪರಿಮಳ ಮೂಗಿನ ಹಿಂಬದಿಗೆ ಹೋಗಬೇಕು. ಆಮೇಲೆ ಉಗಿದುಬಿಡುವುದು. ಹಾಲು ಹಾಕಿದಾಗ ಬಣ್ಣ ಕೆಂಪಿಗೋ ಹೊಂಬಣ್ಣಕ್ಕೋ ತಿರುಗಿದರೆ ಒಳ್ಳೆಯದು, ಬೂದಿಗೆ ತಿರುಗಿದರೆ ಆ ಲಾಟ್ ಬೇಡ. ಇಷ್ಟು ಕಟ್ಟುನಿಟ್ಟು ಮಾಡಿ ಆರಿಸಿದ ಪುಡಿಯೂ ಗಿರಾಕಿಯ ಮನೆಯಲ್ಲಿ ಕೈಕೊಡುವುದುಂಟು. ಕಾರಣ ನೀರು.

"ಮಗಳ ಮನೇಲಿ ಇದೇ ಪುಡಿ ಚೆನ್ನಾಗಿರುತ್ತೆ, ನಮ್ಮನೇಲಿ ಯಾಕಿಲ್ಲ?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಕಾವೇರಿ ನೀರಾ, ಬೋರ್‌ವೆಲ್ಲಾ ಅಂತ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಚಹಾದ ಹುರುಪನ್ನು, ಅಂದರೆ ನಾಲಿಗೆಗೆ ತಾಗುವ ಚುರುಕನ್ನು, ಕುಗ್ಗಿಸುತ್ತದೆ, ಬಣ್ಣ ಕಪ್ಪಗೆ ಮಂಕಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಮಾಡಿದ ಹಾಲಿಲ್ಲದ ಚಹಾವನ್ನು ಲೋಟದಲ್ಲಿ ಹಾಗೇ ಬಿಟ್ಟು ನೋಡಿ, ಮೇಲೆ ತೆಳ್ಳನೆಯ ಪೊರೆ ಕಟ್ಟಿ, ಲೋಟ ಓರೆ ಮಾಡಿದರೆ ಬಿರುಕು ಬಿಡುತ್ತದೆ. ನೀರಿನ ಕ್ಯಾಲ್ಸಿಯಮ್ಮೂ ಗಾಳಿಯೂ ಚಹಾದ ಅಂಶಗಳ ಜೊತೆ ಸೇರಿ ಆಗುವುದು ಅದು. ನಾಲ್ಕು ಹನಿ ನಿಂಬೆರಸ ಬಿದ್ದರೆ ಪೊರೆ ಕಟ್ಟುವುದಿಲ್ಲ. ಇಂಥ ಮನೆಯವರು ಪುಡಿ ಬದಲಿಸುವ ಬದಲು ಚಹಾಕ್ಕೆ ಮಾತ್ರ ಫಿಲ್ಟರ್ ನೀರು ಬಳಸಿ ನೋಡಲಿ. ಆರ್‌ಒ ನೀರಿಗೆ ಮೊದಲಿನಷ್ಟು ಪುಡಿ ಹಾಕಿದರೆ ಚುರುಕು ಅತಿಯಾದೀತು, ಸ್ವಲ್ಪ ಕಡಿಮೆ ಹಾಕಿ.

ಇನ್ನು ಗಿಡಮೂಲಿಕೆಯ ಪೇಯಗಳು. ಇಲ್ಲಿ ಎಡವುವುದು ಎಲ್ಲವನ್ನೂ ಒಂದೇ ರೀತಿ ಕುದಿಸುವುದರಲ್ಲಿ. ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿಯಂಥ ಗಟ್ಟಿ ಪದಾರ್ಥಗಳಿಗೆ ಕುದಿ ಬೇಕೇ ಬೇಕು, ಮಲೆನಾಡು ಕರಾವಳಿಯ ಕಷಾಯದ ಪುಡಿ ಹುಟ್ಟಿದ್ದೇ ಅದಕ್ಕೆ. ಕಷಾಯಕ್ಕೆ ಹಾಲು ಹಾಕುವುದಾದರೆ ಬೆಲ್ಲ ಮಾತ್ರ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಹಾಲು ಒಡೆಯುವ ಭಯ. ತುಳಸಿ, ಮಜ್ಜಿಗೆಹುಲ್ಲು, ಪುದೀನಕ್ಕೆ ಬಿಸಿನೀರು ಸುರಿದು ತಟ್ಟೆ ಮುಚ್ಚಿದರಾಯಿತು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಉಳಿದಿರುವುದಿಲ್ಲ. ಪ್ಯಾಕೆಟ್ಟಿನ ಕೆಂಪು ಹುಳಿ 'ಹೈಬಿಸ್ಕಸ್ ಟೀ' ಅಂಗಳದ ದಾಸವಾಳದಿಂದ ಮಾಡಿದ್ದಲ್ಲ, ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗದ ಗಿಡವೊಂದರ ಹೂವಿನ ಬುಡದ ಕೆಂಪು ಹೊದಿಕೆಯದು. ಜೋಳದ ರೊಟ್ಟಿಯ ಜೊತೆ ಪುಂಡಿ ಉಂಡು ಬೆಳೆದವರಿಗೆ ಆ ಹುಳಿ ಬೇಗ ಹಿಡಿಸುವುದನ್ನು ನಾನು ಗಮನಿಸಿದ್ದೇನೆ.

ರಾತ್ರಿ ನಿದ್ದೆ ಕೆಡಬಾರದೆಂದು ಹರ್ಬಲ್ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಿ. 'ತುಳಸಿ ಗ್ರೀನ್ ಟೀ' ಎಂದಿದ್ದರೆ ಅದರಲ್ಲಿ ಚಹಾ ಎಲೆಯಿದೆ, ಕೆಫೀನೂ ಇದೆ. ಬಿ.ಪಿ. ಇರುವವರು ಜೇಷ್ಠಮಧು ಇದೆಯೇ ಎಂದೂ ನೋಡಿ. ದಿನಾ ಹೆಚ್ಚು ಹೋದರೆ ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಕಷಾಯದ ಪುಡಿ ಮನೆಯಲ್ಲೇ ಮಾಡುವವರು ಅದನ್ನು ಬಿಟ್ಟು ಸೋಂಪು ಒಂದು ಚಮಚ ಜಾಸ್ತಿ ಹಾಕಿದರೆ ಸಿಹಿ ಘಮ ಕಡಿಮೆಯಾಗುವುದಿಲ್ಲ.